ಬಾಣಂತಿ ವಾರ್ಡಿನ ಹೊಗೆಗಂಟೆ

ಹೊಗೆ ತಾಗಿದ ಕೂಡಲೇ ಗಂಟೆ ಬಾರಿಸುವ ಸೆನ್ಸರುಗಳನ್ನು ಹೆರಿಗೆ ಆಸ್ಪತ್ರೆಗೆ ಹಾಕಿಕೊಡುತ್ತೇನೆಂದು ಒಪ್ಪಿಕೊಂಡಾಗ ನನ್ನ ತಲೆಯಲ್ಲಿ ವೈರು, ಬ್ಯಾಟರಿ, ಪೈಪು ಎಲ್ಲ ಇದ್ದವು. ಬಾಣಂತಿ ಮಾತ್ರ ಇರಲಿಲ್ಲ. ಅವಳ ತಾಯಿಯಂತೂ ಇರಲೇ ಇಲ್ಲ. ಎಡವಿದ್ದೇ ಅಲ್ಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಸ್ಕಿಯವನು. ಹೈದರಾಬಾದಿನಲ್ಲಿ ಈ ಕೆಲಸ ಕಲಿತು ಬಂದು, ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ನಡುವೆ ಬಸ್ಸಿನಲ್ಲಿ ಅಡ್ಡಾಡಿಕೊಂಡು ಮನೆ ವೈರಿಂಗು, ಅಕ್ಕಿ ಗಿರಣಿಯ ಮೋಟಾರು ಎಂದು ಸಿಕ್ಕಿದ್ದನ್ನು ಮಾಡುತ್ತಿದ್ದೆ. ಕಲಿತ ವಿದ್ಯೆ ಯಾರಿಗೂ ಬೇಕಿರಲಿಲ್ಲ. ಹೊಗೆ ಬಂದರೆ ಗಂಟೆ ಬಾರಿಸುತ್ತದೆ ಎಂದರೆ ಗಿರಣಿಯವರು ನಗುತ್ತಿದ್ದರು. "ಹೊಗಿ ಬಂದ್ರ ನಮ್ಮ ಕಣ್ಣಾಗ ನೀರು ಬರ್ತಾವಲ್ಲೋ ತಮ್ಮಾ, ಮತ್ತ ಗಂಟಿ ಯಾಕ ಬೇಕು?" ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಹೊಟ್ಟೆಪಾಡು, ನುಂಗಿಕೊಳ್ಳುತ್ತಿದ್ದೆ.

ಅಂಥದ್ದರಲ್ಲಿ ಸಿಂಧನೂರಿನ ಡಾಕ್ಟರಮ್ಮ ಒಬ್ಬರು ಹೇಳಿ ಕಳಿಸಿದರು. ಮೂರು ಅಂತಸ್ತಿನ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಿದ್ದರು. ತಾವು ಓದುತ್ತಿದ್ದ ಊರಲ್ಲಿ ಒಂದು ವಾರ್ಡಿಗೆ ಬೆಂಕಿ ಹತ್ತಿದ್ದನ್ನು ಕಣ್ಣಾರೆ ಕಂಡವರು ಅವರು. "ನನ್ನ ದವಾಖಾನಿಯೊಳಗ ಹಂಗ ಆಗಬಾರದ್ರಿ" ಎಂದರು. ಅಷ್ಟು ಸಾಕಾಯಿತು ನನಗೆ.

ಕೋಣೆಗೊಂದರಂತೆ ಅಂಗೈ ಅಗಲದ ಬಿಳಿ ಸೆನ್ಸರುಗಳನ್ನು ಛಾವಣಿಗೆ ಕೂರಿಸಿದೆ. ಕೆಳಗೆ ಹೆಸರು ಬರೆಸುವ ಟೇಬಲ್ಲಿನ ಹಿಂದೆ ಪೆಟ್ಟಿಗೆ, ಅದರಲ್ಲಿ ಅಂತಸ್ತಿಗೊಂದು ಕೆಂಪು ದೀಪ. ಪರೀಕ್ಷೆಗೆ ನನ್ನದೇ ಉಪಾಯ: ಬಿದಿರಿನ ಕೋಲಿನ ತುದಿಗೆ ಒಂದು ಹಿಡಿ ಊದಿನಕಡ್ಡಿ ಕಟ್ಟಿ, ಹಚ್ಚಿ, ಸೆನ್ಸರಿನ ಬುಡಕ್ಕೆ ಹಿಡಿಯುವುದು. ಗಂಟೆ ಬಾರಿಸಿದ ಮೇಲೆ ಕೆಳಗೆ ಹೋಗಿ ಪೆಟ್ಟಿಗೆಯಲ್ಲಿ ಅದನ್ನು ನಿಲ್ಲಿಸಿ, ಮತ್ತೆ ಮೆಟ್ಟಿಲು ಹತ್ತಿ ಮುಂದಿನದಕ್ಕೆ ಹಿಡಿಯುವುದು. ಮೊಣಕಾಲು ಬಿದ್ದುಹೋದವು. ಆದರೆ ಸೆನ್ಸರು ಒಂದೂ ಕೈಕೊಡಲಿಲ್ಲ.

ಆಸ್ಪತ್ರೆ ಶುರುವಾಗಿ ಮೂರನೆಯ ದಿನವೇ ಗಂಟೆ ಹೊಡೆದುಕೊಂಡಿತು. ಮೇಲಿನ ಕೋಣೆಯಲ್ಲಿ ಒಬ್ಬ ಅಜ್ಜಿ ಮಂಚದ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಕೆಂಡಕ್ಕೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಸುರಿದು ಮಗಳಿಗೂ ಮೊಮ್ಮಗನಿಗೂ ಹೊಗೆ ಹಾಕುತ್ತಿದ್ದಳು. ನಮ್ಮ ಸೀಮೆಯಲ್ಲಿ ಹೊಗೆ ಹಾಕದ ಬಾಣಂತನ ಬಾಣಂತನವೇ ಅಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನೂ ಅದೇ ಹೊಗೆಯಲ್ಲಿ ಬೆಳೆದ ಕೂಸು. ಮಣ್ಣು ತುಂಬಿತ್ತು ನನ್ನ ತಲೆಯಲ್ಲಿ.

ಡಾಕ್ಟರಮ್ಮ ನನ್ನನ್ನು ಕರೆಸಿ ನಿಲ್ಲಿಸಿಕೊಂಡು ಬೈದರು. "ಹೊಲಿಗಿ ಹಾಕಿದ ಬಾಣಂತೇರು ಕೂಸು ಎತಿಗೊಂಡು ಮೆಟ್ಲ ಇಳದು ಓಡ್ಯಾರ. ಒಬ್ಬಾಕಿ ಕಾಲು ಜಾರಿದ್ರ ಯಾರ್ರಿ ಹೊಣಿ? ಇನ್ನೊಮ್ಮಿ ಸುಳ್ಳ ಬಡಕೊಂಡ್ರ ಎಲ್ಲಾ ಕಿತಿಗೊಂಡು ಹೋಗ್ರಿ."

ಅವರ ಮಾತು ತಪ್ಪೇನಲ್ಲ. ಆದರೆ ಸೆನ್ಸರುಗಳನ್ನು ಕಿತ್ತರೆ ಮೂರೂ ಊರಲ್ಲಿ ಈ ಕೆಲಸಕ್ಕೆ ಮತ್ತೆ ಯಾರೂ ನನ್ನನ್ನು ಕರೆಯುವುದಿಲ್ಲ. ಮೇಲಾಗಿ ನನ್ನ ಹೆಂಡತಿಗೆ ಎಂಟು ತಿಂಗಳು. ಅವಳ ಹೆರಿಗೆಯೂ ಅಲ್ಲೇ ಎಂದು ನಿಶ್ಚಯವಾಗಿತ್ತು. ಮಾಳಿಗೆಯ ಮೇಲೆ ಬಯಲಲ್ಲಿ ಹೊಗೆ ಹಾಕಿಕೊಳ್ಳಿ ಎಂದು ಕೋಣೆ ಕೋಣೆಗೆ ಹೋಗಿ ಕೈಮುಗಿದೆ. "ಹೂನಪ್ಪಾ, ಹಂಗ ಮಾಡ್ತೀವಿ" ಎಂದು ಅಜ್ಜಿಯರೆಲ್ಲ ತಲೆಯಾಡಿಸಿದರು.

ಆಮೇಲೆ ಒಂದು ತಿಂಗಳು ಗಂಟೆಯ ಸೊಲ್ಲೇ ಇಲ್ಲ. ನನ್ನ ಮಾತಿಗೆ ಎಷ್ಟು ಬೆಲೆ ನೋಡು ಎಂದು ಬೀಗಿಕೊಂಡೆ. ಅಷ್ಟರಲ್ಲಿ ಹೆಂಡತಿಗೆ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು. ಗುರುಗುಂಟಾದಿಂದ ಅವಳ ತಾಯಿ ಗಂಟುಮೂಟೆ ಸಮೇತ ಬಂದು ಬಾಣಂತನಕ್ಕೆ ಕೂತರು. ನಾನು ನಿಶ್ಚಿಂತೆಯಿಂದ ನಾಲ್ಕು ದಿನ ಲಿಂಗಸುಗೂರಿನ ಕೆಲಸಕ್ಕೆ ಹೋಗಿಬಂದೆ.

ತಿಂಗಳಿಗೊಮ್ಮೆ ಎಲ್ಲ ಸೆನ್ಸರು ಪರೀಕ್ಷಿಸಬೇಕಿತ್ತು; ಆ ದಿನ ಬೆಳಿಗ್ಗೆ ಕೋಲು ಹಿಡಿದು ಮೊದಲು ಹೆಂಡತಿಯ ಕೋಣೆಗೇ ಹೋದೆ. ಮಗಳು ನಿದ್ದೆಯಲ್ಲಿ ತುಟಿ ಚೀಪುತ್ತಿದ್ದಳು. ನೋಡಿ ಸಾಕಾಗದೆ ನೋಡಿ, ಕೊನೆಗೆ ತಲೆಯೆತ್ತಿದೆ. ಛಾವಣಿಯ ಸೆನ್ಸರು ಕೂಸಿನ ಕುಲಾಯಿ ಹಾಕಿಕೊಂಡಿತ್ತು! ಗದ್ದದ ಕೆಳಗೆ ಕಟ್ಟುವ ದಾರದ, ಎರಡು ಪದರಿನ ಕೆಂಪು ಟೊಪ್ಪಿಗೆ. ದಾರವನ್ನು ಬುಡಕ್ಕೆ ಸುತ್ತಿ ಬಿಗಿಯಾಗಿ ಗಂಟು ಹಾಕಲಾಗಿತ್ತು.

"ಯಾರಿದು ಮಾಡಿದ್ದು?" ಎಂದೆ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅವ್ವನ್ನ ಕೇಳ್ರಿ" ಎಂದಳು.

ಅತ್ತೆ ಒಂಚೂರೂ ಅಳುಕಲಿಲ್ಲ. "ನಾನ ಕಟ್ಟೀನಿ ಅಳಿಯಂದ್ರ. ಹಸೀ ಬಾಣಂತೀನ ಮಾಳಿಗಿ ಮ್ಯಾಲೆ ಗಾಳಿಗೆ ಒಯ್ಯಾಕ ಬರ್ತದೇನ್ರಿ? ಹೊಗಿ ಹಾಕದ ಬಿಡಾಕ ಬರಂಗಿಲ್ಲ. ಇದು ಬಡಕೊಂಡ್ರ ನಿಮ್ಮ ಕೆಲಸಕ್ಕ ಕುತ್ತು. ಎಲ್ಲಾರ ಖೋಲಿಯಾಗೂ ಹಿಂಗ ಕಟ್ಯಾರ, ನಾನೂ ಕಟ್ಟಿದೆ. ಬಟ್ಟಿ ಖೋಲಿದು ಒಂದು ಉಳದಿತ್ತು, ಅದಕ್ಕೂ ನಾನ ಕಟ್ಟೀನಿ."

ಅಯ್ಯೋ ದೇವರೇ! ಒಂದು ತಿಂಗಳ ನಿಶ್ಶಬ್ದಕ್ಕೆ ಕಾರಣ ನನ್ನ ಮಾತಲ್ಲ, ಕುಲಾಯಿ. ಮೈಯೆಲ್ಲ ಉರಿಯಿತು. ಆದರೆ ಅತ್ತೆಯ ಮುಂದೆ ಅಳಿಯ ದನಿ ಎತ್ತುವುದುಂಟೆ? ಆ ಸಿಟ್ಟನ್ನೆಲ್ಲ ಅವರಿಗೆಲ್ಲ ಏಣಿ ತಂದುಕೊಟ್ಟಿದ್ದ ವಾರ್ಡಿನ ಆಯಾಳ ಮೇಲೆ ಹಾಕಿದೆ. "ನಿನಗರ ಬುದ್ಧಿ ಬ್ಯಾಡೇನು? ಏಣಿ ಹಿಡಕೊಂಡು ನಿಂತಾಕಿ ನೀನ ಅಲ್ಲೇನು?" ಪಾಪ, ಆಕೆ ಅಜ್ಜಿಯರ ಹಟಕ್ಕೆ ಏನು ಮಾಡಿಯಾಳು? ಅಂದು ಹಾಗೆ ಬೈದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಕೋಣೆ ಕೋಣೆಗೆ ಏಣಿ ಒಯ್ದು ಹಸಿರು, ಹಳದಿ, ಹೂವಿನ ಕುಲಾಯಿಗಳನ್ನೆಲ್ಲ ಬಿಚ್ಚಿದೆ. ಕೊನೆಗೆ ಉಳಿದದ್ದು ಹೆಂಡತಿಯ ಕೋಣೆಗೆ ಅಂಟಿಕೊಂಡಿದ್ದ ಬಟ್ಟೆ ಕೋಣೆ. ಹೊದಿಕೆ, ಹತ್ತಿ ಗಾದಿಗಳನ್ನು ಒಟ್ಟುವ ಜಾಗ. ನಾಲ್ಕು ದಿನದಿಂದ ಅತ್ತೆ ಅಲ್ಲೇ ಬಾಗಿಲು ಹಾಕಿಕೊಂಡು ಕೂಸಿಗೆ ಹೊಗೆ ಹಾಕುತ್ತಿದ್ದರಂತೆ. ಒಳಗೆ ತೆಳ್ಳಗೆ ಹೊಗೆ ಇತ್ತು. ಬೆಳಗಿನ ಲೋಬಾನದ್ದೇ ಉಳಿದಿದೆ ಎಂದುಕೊಂಡೆ. ಇಡೀ ಅಂತಸ್ತಿನ ಆ ವಾಸನೆಗೆ ಮೂಗು ಒಗ್ಗಿಹೋಗಿತ್ತು. ಏಣಿ ಹತ್ತಿ ಗಂಟು ಬಿಚ್ಚಿ ಕುಲಾಯಿ ತೆಗೆದೆ. ಊದಿನಕಡ್ಡಿ ಇನ್ನೂ ಹಚ್ಚಿರಲಿಲ್ಲ. ಇಳಿದು ಬೆಂಕಿಪೊಟ್ಟಣ ಹುಡುಕುವಷ್ಟರಲ್ಲಿ ಗಂಟೆ ಹೊಡೆದುಕೊಂಡಿತು.

ಮುಗೀತು ನನ್ನ ಕಥೆ ಎಂದುಕೊಂಡೆ. ಲೋಬಾನದ ಹಳೆಯ ಹೊಗೆಗೆ ಮತ್ತೆ ಸುಳ್ಳು ಗಂಟೆ! ಕೆಳಗಿನಿಂದ ಡಾಕ್ಟರಮ್ಮನ ಚಪ್ಪಲಿ ಸದ್ದು ಮೆಟ್ಟಿಲೇರಿ ಬರುತ್ತಿತ್ತು. ಆಗ ಆಯಾ ಗೋಡೆಯ ಕಡೆ ಬೆರಳು ತೋರಿಸಿ ಕೂಗಿದಳು. "ಯಾ ಅಲ್ಲಾ! ಗಾದಿ ನೋಡ್ರಿ!"

ಗಾದಿಗಳ ಒಟ್ಟಿಲಿನ ತಳದಿಂದ ಹೊಗೆ ಎಳೆ ಎಳೆಯಾಗಿ ಏಳುತ್ತಿತ್ತು. ಎಳೆದು ಕೆಡವಿದೆ. ತಳದ ಗಾದಿಯ ಹತ್ತಿಯೊಳಗೆ ರೊಟ್ಟಿಯಷ್ಟಗಲ ಕೆಂಪಗೆ ಉರಿಯುತ್ತಿತ್ತು. ಪಕ್ಕದಲ್ಲೇ ಬೆಳಗಿನ ಅಗ್ಗಿಷ್ಟಿಗೆ. ಸಿಡಿದ ಯಾವುದೋ ಕಿಡಿ ಒಳಹೊಕ್ಕು ಕೂತಿತ್ತು. ಮೇಲಿದ್ದ ಗಾದಿಗಳಿಗೆ ಹತ್ತಿಕೊಂಡಿದ್ದರೆ? ಗೋಡೆಯಾಚೆ ನನ್ನ ಮಗಳು ಮಲಗಿದ್ದಳು. ಅವಳ ತಾಯಿ ಒಬ್ಬಳೇ ಎದ್ದು ಕೂರಲೂ ಆಗದವಳು.

ಆಯಾ ಬಕೆಟ್ಟಿನ ಮೇಲೆ ಬಕೆಟ್ಟು ನೀರು ತಂದಳು. ಗಾದಿಯನ್ನು ಬಚ್ಚಲಿಗೆ ಎಳೆದು, ಹರಿದು, ಹತ್ತಿಯನ್ನು ಕೈಯಿಂದಲೇ ಹಿಂಜಿ ತೋಯಿಸಿದೆವು. ಬೆರಳು ಸುಟ್ಟದ್ದು ಆಮೇಲೆ ಗೊತ್ತಾಯಿತು. ಬೆಂಕಿ ಆರಿತು. ಯಾರಿಗೂ ಏನೂ ಆಗಲಿಲ್ಲ. ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕೂತೆ. ಉಸಿರು ಆಗ ಬಂತು.

ಡಾಕ್ಟರಮ್ಮ ಬಂದು ನಿಂತರು. "ಮತ್ತ ಸುಳ್ಳ ಬಡಕೊಂತೇನ್ರಿ?"

ನಿಜ ಹೇಳಿದರೆ ಅತ್ತೆಯ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಸೆನ್ಸರುಗಳು ಹೋಗುತ್ತವೆ. ಅಷ್ಟರಲ್ಲಿ ಅತ್ತೆಯೇ ಮುಂದೆ ಬಂದರು. "ಸುಳ್ಳ ಅಲ್ಲರಿ ಡಾಕ್ಟರ್ ಬಾಯಾರ, ಖರೇನ ಬಡಕೊಂಡೈತಿ. ಅದರ ಬಾಯಿ ಕಟ್ಟಿದಾಕಿ ನಾನು. ಬೈಯೋದಿದ್ರ ನನಗ ಬೈರಿ."

ಡಾಕ್ಟರಮ್ಮ ತೊಯ್ದ ಗಾದಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಬೈಯಲಿಲ್ಲ. "ಗಾಳಿ ಬರದಂಗ ಮಾಳಿಗಿ ಮ್ಯಾಲೊಂದು ಖೋಲಿ ಕಟ್ಟಸ್ತೀನಿ ಯವ್ವಾ, ಹೊಗಿ ಅಲ್ಲೆ ಹಾಕ್ರಿ" ಎಂದು, ನನ್ನ ಕಡೆ ತಿರುಗಿದರು. "ಪರೀಕ್ಷಾ ಎಷ್ಟಾಗ್ಯಾವು?"

"ಇನ್ನಾ ಒಂದೂ ಆಗಿಲ್ಲರಿ."

"ಎಲ್ಲಾ ಮುಗಸ್ರಿ. ಒಂದೂ ಬಿಡಬ್ಯಾಡ್ರಿ."

ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಹೆಂಡತಿಯ ಕೋಣೆಯಿಂದಲೇ ಶುರು ಮಾಡಿದೆ. ಸುಟ್ಟ ಬೆರಳಿಗೆ ಕಡ್ಡಿ ಗೀರಲಾಗಲಿಲ್ಲ; ಆಯಾ ಗೀರಿಕೊಟ್ಟಳು. ಕೋಲು ಎತ್ತಿ ಹಿಡಿದೆ. ಗಂಟೆ ಹೊಡೆದುಕೊಂಡಿತು. ಮಗಳು ಬೆಚ್ಚಿಬಿದ್ದು ಕಿಟಾರನೆ ಕಿರುಚಿದಳು. ಹೆದರಿಸಿಬಿಟ್ಟೆನಲ್ಲ ಎಂದು ಕೋಲು ಇಳಿಸಹೋದೆ. ಅತ್ತೆ ಅವಳನ್ನು ಎತ್ತಿ ಎದೆಗೆ ಅವುಚಿಕೊಂಡು, ಕಣ್ಣೊರೆಸಿಕೊಳ್ಳುತ್ತ ಹೇಳಿದರು:

"ಅಳಲಿ ಬಿಡ್ರಿ ಅಳಿಯಂದ್ರ. ಅಳಾಕ ಕೂಸು ಕೈಯಾಗ ಐತಲ್ಲ."