ಕಿಟಕಿಗೆ ಹಿಡಿದ ಎರಡು ಹಾಳೆ

ನಮ್ಮ ಕಾಲೇಜಿನ ನೋಟೀಸ್ ಬೋರ್ಡಿಗೆ ಇಪ್ಪತ್ತಾರು ವರ್ಷದಿಂದ ಹಾಳೆ ಹಚ್ಚುವವರು ಶೇವಂತಾಬಾಯಿ. ಊರು ಭಾಲ್ಕಿ ಕಡೆಯ ಸಾಯಗಾಂವ. ಬೆಳಿಗ್ಗೆ ಬಸ್ಸಿಗೆ ಬೀದರಿಗೆ ಬಂದು ಬೀಗ ತೆಗೆಯುತ್ತಾರೆ, ಗಂಟೆ ಹೊಡೆಯುತ್ತಾರೆ, ಪರೀಕ್ಷೆ ದಿನ ಬೆಂಚುಗಳ ನಡುವೆ ನೀರಿನ ಜಗ್ ಹಿಡಿದು ತಿರುಗುತ್ತಾರೆ. ಕಲಿತದ್ದು ಏಳನೇ ಇಯತ್ತೆ. ಆದರೆ ಓದದೆ ಯಾವ ಹಾಳೆಯನ್ನೂ ಹಚ್ಚುವವರಲ್ಲ. ಹುಡುಗರಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ; ನನಗೂ.

ಇಷ್ಟು ವರ್ಷದಲ್ಲಿ ಅವರು ಹಚ್ಚುವುದಿಲ್ಲ ಅಂದದ್ದು ಒಂದೇ ಒಂದು ಹಾಳೆ. ಅದು ನನ್ನದು.

ನಾನು ಗಣಿತ ಕಲಿಸುತ್ತೇನೆ. ಹುಡುಗರು ಬಾಜೂದವನ ಹಾಳೆ ನೋಡಿ ಬರೆಯಬಾರದೆಂದು ಆ ಸಲ ಇಪ್ಪತ್ತು ಅಂಕದ ಕಿರುಪರೀಕ್ಷೆಗೆ ಎ, ಬಿ ಎಂದು ಎರಡು ಪತ್ರಿಕೆ ಮಾಡಿದ್ದೆ. ಸರಿ ಉತ್ತರಕ್ಕೆ ಚುಕ್ಕಿ ತುಂಬುವ ಅವೇ ಇಪ್ಪತ್ತು ಪ್ರಶ್ನೆ, ಕ್ರಮ ಬೇರೆ; ಬೆಂಚಿನ ಎಡಕ್ಕೆ ಕೂತವರಿಗೆ ಎ, ಬಲಕ್ಕೆ ಕೂತವರಿಗೆ ಬಿ. ಜೋಡಿಸಿದ್ದು ಲೇಟೆಕ್ ಎಂಬ, ಗಣಿತದ ಪುಟ ಜೋಡಿಸುವ ಕಂಪ್ಯೂಟರ್ ತಂತ್ರಾಂಶದಲ್ಲಿ. ಒಮ್ಮೆ ಮ್ಯಾಕ್ರೋ, ಅಂದರೆ ಆಜ್ಞೆಗಳ ಪಟ್ಟಿ, ಬರೆದಿಟ್ಟರೆ ಅದೇ ಪ್ರಶ್ನೆಗಳನ್ನು ಅದಲುಬದಲು ಮಾಡಿ ಕೊಡುತ್ತದೆ, ತಿದ್ದುವವರಿಗಷ್ಟೇ ಇರುವ ಮೊದಲ ಪುಟದಲ್ಲಿ ಸರಿ ಉತ್ತರದ ಚುಕ್ಕಿಗಳನ್ನೂ ಅಚ್ಚು ಹಾಕುತ್ತದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಹಾಳೆ ತಿದ್ದಿ ಅಂಕ ಕೂಡಿಸಿದೆ. ಎ ಪತ್ರಿಕೆಯವರು ಹತ್ತು, ಹದಿನಾಲ್ಕು. ಬಿ ಪತ್ರಿಕೆಯವರು ಒಬ್ಬರೂ ಏಳು ದಾಟಿಲ್ಲ. ಎಂಟಕ್ಕಿಂತ ಕಡಿಮೆ ಬಂದವರಿಗೆ ದೊಡ್ಡ ಪರೀಕ್ಷೆಗೆ ಕೂಡುವ ಅವಕಾಶವಿಲ್ಲ. ಮ್ಯಾಕ್ರೋದಲ್ಲೇ ತಪ್ಪಿರಬೇಕೆಂದು ಎರಡು ದಿನ ಸಾಲು ಸಾಲು ಹುಡುಕಿದೆ. ಎಷ್ಟು ಸಲ ಓಡಿಸಿದರೂ ಪರದೆಯ ಮೇಲೆ ಪ್ರಶ್ನೆಯೂ ಸರಿ, ಉತ್ತರವೂ ಸರಿ. ನಡುನಡುವೆ, ಮನೆಯಲ್ಲಿ ನನ್ನ ಕೂಸನ್ನು ನೋಡಿಕೊಳ್ಳುವ ಅತ್ತೆ ಜಿಜಾಬಾಯಿಯವರಿಗೆ ಫೋನು.

"ಕೂಸು ಹಾಲು ಕುಡೀತೇನ್ರಿ? ಮೈ ಬಿಸಿ ಅದ ಏನ್ರಿ?"

"ಕುಡಿದು ಮಲಗಿತ್ತವ್ವಾ. ಈಗ ನಿನ್ನ ಫೋನಿಗೆ ಎದ್ದದ."

ಕಡೆಗೆ, ಹುಡುಗರೇ ಓದಿಲ್ಲ ಎಂದುಕೊಂಡೆ. ಮೂರನೇ ದಿನ ತರಗತಿಯಲ್ಲಿ ಅಂಕ ಓದಿದೆ. ಔರಾದ ಕಡೆಯ ಎಕಂಬಾದಿಂದ ಎರಡು ಬಸ್ಸು ಬದಲಿಸಿ ಬರುವ ಗುಡಿಯಾಗೆ ನಾಲ್ಕು. ಅವಳು ಎದ್ದು ನಿಂತು, "ಮೇಡಂ, ಮನ್ಯಾಗ ಮತ್ತ ಬಿಡಿಸಿ ನೋಡೇನಿ, ಸರಿ ಬಂದಾವ್ರಿ," ಅಂದಳು. ಕೂಡು ಅಂದೆ. ಕೂತಳು.

ಮಧ್ಯಾಹ್ನ ಪಟ್ಟಿ ಶೇವಂತಾಬಾಯಿಯ ಕೈಗೆ ಕೊಟ್ಟೆ. ನಾಲ್ಕು ಗಂಟೆಗೆ ಅದು ಬೋರ್ಡಿನ ಮೇಲೆ ಇರಬೇಕಿತ್ತು. ಅವರು ಗೋಂದಿನ ಬಾಟಲಿ ಕೆಳಗಿಟ್ಟರು.

"ಇದು ನಾ ಹಚ್ಚಂಗಿಲ್ರಿ ಬಾಯಿ."

"ಯಾಕ ಮೌಶಿ?"

"ನೀರು ಕೊಡೂ ಮುಂದ ನೋಡೇನಲ್ರಿ. ಬೆಂಚಿನ ಎಡಕ್ಕ ಕೂತವರು ಪಾಸು, ಬಲಕ್ಕ ಕೂತವರು ಫೇಲು. ಶಾಣ್ಯಾತನ ಎಡಕ್ಕಷ್ಟೇ ಕೂಡ್ತದೇನ್ರಿ? ಎಲ್ಲಿ, ಆ ಉತ್ತರದ ಹಾಳಿ ಕೊಡ್ರಿಲ್ಲೆ."

ನಾನು ತಿದ್ದಲು ಬಳಸಿದ್ದ ಎರಡು ಹಾಳೆ ಕೊಟ್ಟೆ. ಕಾಪಿ ಹೊಡೆದವರನ್ನು ಹಿಡಿಯಲು ಅವರದೊಂದು ಹಳೆಯ ಪದ್ಧತಿ ಉಂಟು: ಅನುಮಾನ ಬಂದ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುವುದು. ಈಗಲೂ ಹಾಗೇ ಹಿಡಿದರು. ಎ ಹಾಳೆಯ ಇಪ್ಪತ್ತು ಚುಕ್ಕಿಗಳ ಮೇಲೆ ಬಿ ಹಾಳೆಯ ಇಪ್ಪತ್ತೂ ಕೂತವು. ಒಂದೂ ಆಚೀಚೆ ಇಲ್ಲ.

"ನೋಡ್ರಿ. ಹುಡುಗ್ರಿಗೆ ಕಾಪಿ ಹೊಡಿಬ್ಯಾಡ ಅಂತೀರಿ, ನಿಮ್ಮ ಕಂಪ್ಯೂಟರೇ ಬಾಜೂದವನ ಹಾಳಿ ನೋಡಿ ಬರದದ!"

ನಾನು ಎರಡೂ ಹಾಳೆ ಇಸಿದುಕೊಂಡು ನೋಡಿದೆ, ಆಗ ತಿಳಿಯಿತು. ಮೊದಲ ಸಲ ಓಡಿಸಿದಾಗ ಲೇಟೆಕ್ ಉತ್ತರಗಳನ್ನು ಪಕ್ಕದ ಫೈಲಿನಲ್ಲಿ ಬರೆದಿಡುತ್ತದೆ; ಎರಡೂ ಪತ್ರಿಕೆಗೆ ಅದೇ ಒಂದು ಫೈಲು. ಎರಡನೇ ಸಲಕ್ಕೆ ಅದನ್ನು ಓದಿ ಮೊದಲ ಪುಟಕ್ಕೆ ಹಾಕುತ್ತದೆ. ಎ ಪತ್ರಿಕೆಯನ್ನು ಎರಡು ಸಲ ಓಡಿಸಿದ್ದೆ. ಬಿ ಹೊತ್ತಿಗೆ ಕೂಸಿಗೆ ಜ್ವರ ಎಂದು ಫೋನು ಬಂದಿತ್ತು. ಒಂದೇ ಸಲ ಓಡಿಸಿ, ಅಚ್ಚು ತೆಗೆದು ಮನೆಗೆ ಓಡಿದ್ದೆ. ಫೈಲಿನಲ್ಲಿ ಇದ್ದದ್ದು ಎ ಉತ್ತರಗಳೇ. ಆಮೇಲೆ ಹುಡುಕುತ್ತ ಮತ್ತೆ ಮತ್ತೆ ಓಡಿಸಿದಾಗ ಪರದೆಯ ಮೇಲೆ ಸರಿಯಾಗಿಬಿಟ್ಟಿತ್ತು. ಕೈಯಲ್ಲಿದ್ದ ಹಾಳೆ ತಪ್ಪಾಗೇ ಉಳಿದಿತ್ತು. ಅದನ್ನು ಮಾತ್ರ ನಾನು ಒಮ್ಮೆಯೂ ನೋಡಿರಲಿಲ್ಲ.

"ಮೌಶಿ, ನಾಲ್ಕು ಗಂಟೆಗೆ ಹಚ್ಚಬೇಕು ಅಂತ ಪ್ರಿನ್ಸಿಪಾಲ್ ಅಂದಾರ."

"ಗಂಟಿ ಹೊಡಿಯಾಕಿ ನಾನೇ ಅದೇನಿ. ನೀವು ತಿದ್ರಿ."

ಮೊದಲು ಮ್ಯಾಕ್ರೋಗೆ ಒಂದು ಸಾಲು ಸೇರಿಸಿದೆ. ಇನ್ನು ಮೇಲೆ ಬಿ ಪತ್ರಿಕೆಗೆ ತನ್ನದೇ ಬೇರೆ ಫೈಲು. ಎರಡು ಸಲ ಓಡಿಸಿ ಉತ್ತರ ಅಚ್ಚು ಹಾಕಿದೆ. ಶೇವಂತಾಬಾಯಿ ಕಿಟಕಿಗೆ ಹಿಡಿದು ನೋಡಿ, "ಈಗ ಬ್ಯಾರೆ ಅದಾವ," ಅಂದರು. ಬಿ ಪತ್ರಿಕೆಯ ಇಪ್ಪತ್ತಾರು ಮಂದಿಯ ಹಾಳೆ ಮತ್ತೆ ತಿದ್ದಿದೆ. ಅಷ್ಟು ಹೊತ್ತೂ ಮನೆಗೆ ಫೋನು ಮಾಡಲಿಲ್ಲ ಎಂಬುದು ಆಮೇಲೆ ಹೊಳೆದು, ಗಾಬರಿಯಿಂದ ಫೋನು ಮಾಡಿದೆ. ಕೂಸು ಆರಾಮಿತ್ತು.

ಹೊಸ ಪಟ್ಟಿಯ ಕೆಳಗೆ, ಬೆಳಿಗ್ಗೆ ಓದಿದ ಅಂಕಗಳು ನನ್ನ ತಪ್ಪಿನಿಂದ ಬಂದವು ಎಂದು ಬರೆದು ಸಹಿ ಹಾಕಿದೆ. ಶೇವಂತಾಬಾಯಿ ಅದನ್ನೂ ಓದಿದರು, ಗೋಂದು ಸವರಿದರು, ಅಂಗೈಯಿಂದ ನಾಲ್ಕೂ ಮೂಲೆ ಒತ್ತಿದರು. ಬಸ್ಸಿಗೆ ಹೊರಟಿದ್ದ ಗುಡಿಯಾ ನಿಂತು ಬೆರಳಿಟ್ಟು ತನ್ನ ಹೆಸರು ಹುಡುಕಿದಳು. ಹನ್ನೊಂದು.

"ಮೌಶಿ, ಪರೀಕ್ಷಾಕ ಕೂಡ್ತೇನಿ!"

"ಕೂಡು. ಉಳಿದ ಒಂಬತ್ತು ಎಲ್ಲಿ ಹೋದವು ಅಂತ ಮೇಡಂಗೆ ಕೇಳು ಮೊದಲ."

ಗುಡಿಯಾ ನನ್ನ ಕಡೆ ತಿರುಗಿದಳು. ಔರಾದ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಬೆಂಚಿನ ಮೇಲೆ ಜಾಗ ಮಾಡಿ, ಅವಳ ಹಾಳೆ ತೆರೆದೆ.