ಹಾಡಿ ಅಳುವವರ ಮಾತು

ಆಗ ನನ್ನ ಕೆಲಸವೆಂದರೆ ಜನರ ಮಾತಿಗೆ ಕಿವಿ ಕೊಡುವುದು. ನಲವತ್ತರ ದಶಕದ ಮೊದಲ ವರ್ಷಗಳವು. ಪುಣೆಯ ಒಂದು ವಿದ್ಯಾಸಂಸ್ಥೆ ಕೊಡುತ್ತಿದ್ದ ವೇತನದ ಮೇಲೆ ಹಾನಗಲ್ಲ, ಶಿಗ್ಗಾಂವಿ, ಸವಣೂರ ಸೀಮೆಯ ಹಳ್ಳಿಗಳನ್ನು ಸೈಕಲ್ ಮೇಲೆ ಸುತ್ತುತ್ತಿದ್ದೆ. ಯಾವ ಕಸುಬಿನವರು ಯಾವುದಕ್ಕೆ ಏನನ್ನುತ್ತಾರೆ, ಯಾವ ಮಾತನ್ನು ಯಾರ ಮುಂದೆ ಆಡುವುದಿಲ್ಲ ಎಂದು ಬರೆದುಕೊಳ್ಳುತ್ತಿದ್ದೆ. ಇದೂ ಒಂದು ಕೆಲಸವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. "ನಾವು ಮಾತಾಡಿದ್ದ ಬರ್ಕೊಂಡ್ರ ನಿಮಗ ಪಗಾರ ಕೊಡ್ತಾರೇನ್ರಿ?" ಎಂದು ಕೇಳಿ ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸೈಕಲ್ ಹತ್ತಿಬಿಡುತ್ತಿದ್ದೆ.

ಒಂದು ವರ್ಷ ನನ್ನ ಗುರುಗಳ ಪತ್ರ ಬಂತು. ದಿನಬಳಕೆಯ ಮಾತು ಸಾಕಷ್ಟು ಕೂಡಿಬಿದ್ದಿದೆ, ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಅಳುವ ಮಾತು ಒಂದಾದರೂ ಪೂರ್ತಿ ಬೇಕು, ಅದಿಲ್ಲದಿದ್ದರೆ ಮುಂದಿನ ವರ್ಷದ ವೇತನ ಕಷ್ಟ ಎಂದಿತ್ತು.

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ. ಸುತ್ತಲೂ ಹೆಂಗಸರು ಕೂತು ಹಾಡ್ಯಾಡಿ ಅಳುತ್ತಾರೆ. ಮೊದಲ ಹಾಡು ಮಗಳದು. ಗಂಡಸರು ಹಾಡುವುದಿಲ್ಲ. ಶಿಗ್ಗಾಂವಿಯ ಕಡೆ ಅಂಥ ಒಂದು ಮನೆಯಲ್ಲಿ ನಾನು ಮೆಲ್ಲಗೆ ಪೆನ್ಸಿಲ್ ತೆಗೆದಿದ್ದೆ. ಒಬ್ಬ ಹೆಣ್ಣುಮಗಳು ಅದನ್ನು ಕಸಿದುಕೊಂಡು ನನ್ನನ್ನು ಹೊರಗೆ ಕಳಿಸಿದಳು. ಸರಿಯಾಗಿಯೇ ಮಾಡಿದಳು.

ಹಾಗಾಗಿ ಸವಣೂರಿಗೆ ಹೋದೆ. ಅಲ್ಲಿಯ ಎಲೆತೋಟದಲ್ಲಿ ವೀಳ್ಯದೆಲೆ ಕಟ್ಟುವ ಒಬ್ಬ ಮುದುಕಿ ಈ ಹಾಡಿಗೆ ಹೆಸರಾದವಳು. ಎಂಟು ದಿನ ಅವಳ ಎದುರು ಕೂತೆ. ಎಲೆಗೆ, ಬಳ್ಳಿಗೆ, ಮಣ್ಣಿಗೆ, ನೀರಿಗೆ ಸಂಬಂಧಿಸಿದ ಮಾತೆಲ್ಲ ಕೊಟ್ಟಳು. ಅದೊಂದನ್ನು ಮಾತ್ರ ಕೊಡಲಿಲ್ಲ.

"ಯಾರೂ ಸತ್ತಿಲ್ಲ ತಮ್ಮಾ. ಯಾರಿಗಂತ ಅಳ್ಲಿ?"

ನನ್ನ ಕಸುಬಿನವರಿಗೆ ಒಂದು ಕೆಟ್ಟ ಚಾಳಿ. ಇಲ್ಲದ್ದನ್ನು ಇದೆಯೆಂದು ತಿಳಿದುಕೊಳ್ಳಿ, ಆಗ ಏನನ್ನುತ್ತೀರಿ ಎಂದು ಕೇಳುತ್ತೇವೆ. ಒಂಬತ್ತನೆಯ ದಿನ ನಾನೂ ಕೇಳಿದೆ. "ನಮ್ಮವ್ವ ಸತ್ತಾಳಂತ ತಿಳ್ಕೊ ಆಯಿ. ನೀ ಆಕಿ ಮಗಳು. ಏನಂತ ಅಳ್ತಿ?"

ಮುದುಕಿಯ ಕೈ ನಿಂತಿತು. "ಬಿಡ್ತು ಅನ್ನು," ಎಂದಳು.

ನಾನು ನಕ್ಕೆ.

"ಬಿಡ್ತು ಅನ್ನೋ ಮಗನ."

"ಬಿಡ್ತು," ಎಂದೆ.

"ಈಗಿಂದೀಗ ಊರಿಗೆ ಹೋಗಿ ನಿಮ್ಮವ್ವನ ಮಾರಿ ನೋಡು. ಅಲ್ಲೀತನಕ ನಿನಗೂ ನನಗೂ ಮಾತಿಲ್ಲ." ಬೆನ್ನು ತಿರುಗಿಸಿ ಎಲೆ ಕಟ್ಟತೊಡಗಿದಳು.

ನಮ್ಮ ಊರು ಹಿರೇಕೆರೂರಿನ ಹತ್ತಿರ. ಮುದುಕಿಯನ್ನು ಬೈದುಕೊಳ್ಳುತ್ತಲೇ ಸಿಕ್ಕ ಮೋಟಾರು ಹತ್ತಿದೆ. ಆದರೆ ದಾರಿಯುದ್ದಕ್ಕೂ ಬಾಯಲ್ಲೇ ಬಿಡ್ತು, ಬಿಡ್ತು ಎಂದುಕೊಳ್ಳುತ್ತಿದ್ದೆ. ಮರುದಿನ ಮುಂಜಾನೆ ಮನೆ ಮುಟ್ಟಿದಾಗ ಅವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು. ನಾಚಿಕೆಯಾಗಿ, ಘಾಟು ಎಂದು ಸುಳ್ಳು ಹೇಳಿದೆ.

ಉಣ್ಣುವಾಗ ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಥಾ ಶಾಣ್ಯಾನೋ ನೀ." ಆಮೇಲೆ ಕೇಳಿದಳು, "ಆ ಹಾಡು ಸಿಗದಿದ್ರ?"

"ಮುಂದಿನ ವರ್ಷ ಕೆಲಸ ಇಲ್ಲವ್ವ."

ಅವಳು ಕೈ ತೊಳೆದು ಎದ್ದಳು. "ಮನ್ಯಾಗ ಹಾಡಬಾರದು. ಹೊಲಕ್ಕ ನಡಿ. ಪುಸ್ತಕ ತಗೋ."

ಹೊಲದ ಬೇವಿನ ಮರಕ್ಕೆ ಬೆನ್ನು ಕೊಟ್ಟು ಕೂತಳು. ಸತ್ತವರ ಹಾಗೆ ಕೂತು ತನಗೆ ತಾನೇ ಅಳಲು ಹೊರಟಿದ್ದಾಳೆಂದು ಆಗ ತಿಳಿಯಿತು. "ಬ್ಯಾಡವ್ವ. ಕೆಲಸ ಹ್ವಾದ್ರ ಹೋಗ್ಲಿ," ಎಂದೆ.

"ಕುಂದರು. ನನಗ ನೀ ಒಬ್ಬನ ಮಗ, ಹೆಣ್ಣಮಕ್ಕಳಿಲ್ಲ. ನಾ ಹ್ವಾದ ದಿನ ಓಣಿ ಹೆಂಗಸರು ಎರಡು ನುಡಿ ಅಂದು ಎದ್ದು ಹೋಗ್ತಾರ. ಮಗಳು ಅಳೋ ಹಾಡು ನನಗ ಇಲ್ಲ. ಅದನ್ನ ಇವತ್ತ ನಾನ ಹಾಡಿ ಕೇಳ್ತೇನಿ. ನಿನ್ನ ಕೆಲಸಾನೂ ಆಗ್ತೈತಿ."

ಸೆರಗು ಹೊದ್ದು, ಕಣ್ಣು ಮುಚ್ಚಿ ಹಾಡಿದಳು:

"ಹೊತ್ತೇರಿ ಬಂದೈತಿ, ಏಳ ನನ ಹಡದವ್ವ,
ಹಚ್ಚಿದ ಒಲಿಮ್ಯಾಲ ಹಂಚು ಕಾದೈತವ್ವ.
ನೀ ನನ್ನ ಹಡಿಲಿಲ್ಲ, ಆದರೂ ಬಂದೇನ,
ತವರಿನ ಬಾಗಿಲಾ ತೆಗೆಯವ್ವ."

ಅದು ಅವ್ವನ ದನಿಯಾಗಿರಲಿಲ್ಲ. ಎಳೆಯ ದನಿ, ದೂರದೂರಿಗೆ ಕೊಟ್ಟ ಮಗಳ ದನಿ. ನನಗೆ ಗೊತ್ತಿಲ್ಲದ ಸಂಗತಿಗಳು ಅದರಲ್ಲಿ ಒಂದೊಂದಾಗಿ ಬಂದವು: ಅವ್ವ ಮುಚ್ಚಿಟ್ಟುಕೊಂಡ ಮೊಣಕಾಲು ನೋವು, ಎಂದೂ ಉಡದೆ ಮಡಚಿಟ್ಟ ಇಳಕಲ್ಲ ಸೀರೆ, ಅಪ್ಪ ತೀರಿದ ವರ್ಷ ಒಬ್ಬಳೇ ಮಾಡಿದ ಸುಗ್ಗಿ. ಮಗನಾಗಿ ಇಪ್ಪತ್ತೇಳು ವರ್ಷ ಅವಳ ಜೊತೆಗಿದ್ದು ನಾನು ಕೇಳದ್ದನ್ನು, ಹುಟ್ಟದ ಮಗಳು ಕೇಳಿಕೊಂಡಿದ್ದಳು. ಊರೂರು ಅಲೆದು ಮಾತು ಹೆಕ್ಕುವ ನನಗೆ ನನ್ನ ಮನೆಯಲ್ಲೇ ಇಷ್ಟು ದೊಡ್ಡ ಮಾತು ಇತ್ತೆಂದು ತಿಳಿದಿರಲಿಲ್ಲ. ಬರೆಯುತ್ತಲೇ ಇದ್ದೆ, ಕಣ್ಣೀರು ಸುರಿಯುತ್ತಲೇ ಇತ್ತು. ದೇವರ ಎದುರು ಕೂತರೂ ನನಗೆ ಅಷ್ಟು ಭಯ, ಅಷ್ಟು ಭಕ್ತಿ ಹುಟ್ಟಿದ್ದಿಲ್ಲ.

ಮುಗಿದ ಮೇಲೆ ಅವ್ವ ಮುಖ ಒರೆಸಿಕೊಂಡು, "ದನಕ್ಕ ನೀರಿಟ್ಟಿಲ್ಲ" ಎನ್ನುತ್ತ ಎದ್ದು ಮನೆಗೆ ನಡೆದಳು.

ಪುಣೆಗೆ ಕಳಿಸುವ ಹಾಳೆಯ ಮೇಲೆ ಎರಡು ಸಾಲು ತುಂಬಬೇಕಿತ್ತು: ಹಾಡಿದವರು ಯಾರು, ಸತ್ತವರು ಯಾರು. ಎರಡರಲ್ಲೂ ಅವ್ವನ ಹೆಸರು ಬರೆದೆ, ಬೇರೆ ಏನು ಬರೆಯುವುದೋ ತೋಚಲಿಲ್ಲ. ತಿಂಗಳೊಳಗೆ ಹಾಳೆ ವಾಪಸು ಬಂತು. ಕಣ್ತಪ್ಪಿನಿಂದ ಒಂದೇ ಹೆಸರು ಎರಡು ಕಡೆ ಬಿದ್ದಿದೆ, ತಿದ್ದಿ ಕಳಿಸಿರಿ ಎಂದು ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದರು. ಊರಿಗೆ ಹೋಗಿ ಅವ್ವನಿಗೆ ಓದಿ ಹೇಳಿದೆ.

ಅವಳು ಶೇಂಗಾ ಸುಲಿಯುತ್ತಿದ್ದಳು. "ಅವರಂದದ್ದು ಖರೇನ ಐತಿ," ಎಂದಳು. "ಹಾಡಿದಾಕಿ ನಾ ಅಲ್ಲ, ನನ್ನ ಮಗಳು. ಆಕಿ ಹೆಸರ ನೀ ಕೇಳಲೇ ಇಲ್ಲ."

"ಹೆಸರಿಟ್ಟೀ ಏನವ್ವ?"

"ನೀ ಹುಟ್ಟೂದಕ್ಕ ಮೊದಲ ಇಟ್ಟಿದ್ದೆ," ಎಂದು ಮೆಲ್ಲಗೆ ಆ ಹೆಸರು ಹೇಳಿದಳು. ಮೊದಲ ಸಾಲಿನಲ್ಲಿದ್ದ ಅವ್ವನ ಹೆಸರು ಹೊಡೆದು ಅದನ್ನು ಬರೆದೆ. ಆಮೇಲೆ ಪುಣೆಯವರು ಏನೂ ಕೇಳಲಿಲ್ಲ, ನನ್ನ ವೇತನ ಮುಂದುವರಿಯಿತು. ಹುಟ್ಟದ ನನ್ನ ಅಕ್ಕನ ಹೆಸರು ಅಲ್ಲಿಯ ಯಾವುದೋ ಕಪಾಟಿನಲ್ಲಿ ಈಗಲೂ ಇರಬೇಕು.