ಫಾರ್ಮಿನಲ್ಲಿ ಬರೆಯದ ಮಾತು

ಆ ಫಾರ್ಮು ಹಳದಿ ಬಣ್ಣದ್ದು. ಉದ್ದನೆಯ ಕಾಗದ, ಎಡಬದಿಗೆ ಫೈಲಿಗೆ ಸೇರಿಸಲು ಎರಡು ತೂತು. ಮೇಲೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ‘ಸಲಹೆ ಪತ್ರ’ ಎಂದು ಅಚ್ಚಾಗಿತ್ತು. ಕೆಳಗೆ ಮೂರು ಕಾಲಂ. ಈಗ ಕೆಲಸ ಹೇಗೆ ನಡೆಯುತ್ತಿದೆ, ನೀವು ಅದನ್ನು ಹೇಗೆ ಮಾಡಬೇಕೆನ್ನುತ್ತೀರಿ, ಅದರಿಂದ ಏನು ಉಳಿಯುತ್ತದೆ. ಬರೆಯಲು ಬಾರದವರ ಪರವಾಗಿ ಅದನ್ನು ತುಂಬುವುದು ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಓದು ಮುಗಿಸಿ ಪುಣೆಗೆ ಬಂದು, ಹಡಪ್ಸರದ ಕಡೆಯ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗಕ್ಕೆ ಸೇರಿದ್ದೆ. ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ ಅದು. ಆಗ ಆಡಳಿತದವರ ಬಾಯಲ್ಲಿ ಒಂದೇ ಮಾತಿತ್ತು. ಕೈಯಿಂದ ದುಡಿದರೆ ಸಾಲದು, ತಲೆಯಿಂದಲೂ ದುಡಿಯಬೇಕು. ಹೊಸದಾಗಿ ಯೋಚಿಸುವವನೇ ನಾಳೆಯ ಮುಂದಾಳು. ಸಲಹೆ ಕೊಟ್ಟು ಅದಕ್ಕೆ ಒಪ್ಪಿಗೆ ಸಿಕ್ಕರೆ ಸಾದಾ ಆಪರೇಟರ್ ಕೂಡ ಲೀಡಿಂಗ್ ಹ್ಯಾಂಡ್ ಆಗಬಹುದಿತ್ತು, ಅಂದರೆ ಎಂಟು ಹತ್ತು ಜನರ ಲೈನಿಗೆ ಮುಖ್ಯಸ್ಥ. ಪ್ರತಿ ಗುರುವಾರ ಊಟವಾದ ಮೇಲೆ ಅರ್ಧ ಗಂಟೆ ನಾನು ಕಾರ್ಮಿಕರಿಗೆ ಈ ಪಾಠ ಹೇಳುತ್ತಿದ್ದೆ. ನಿಮ್ಮ ಮಷೀನನ್ನು ಇವತ್ತೇ ಮೊದಲ ಸಲ ನೋಡುತ್ತಿದ್ದೀರಿ ಎಂದುಕೊಳ್ಳಿ ಎನ್ನುತ್ತಿದ್ದೆ. ನಾನು ಯಾವತ್ತೂ ಪ್ರೆಸ್ಸಿನ ಮುಂದೆ ನಿಂತು ಕೆಲಸ ಮಾಡಿದವನಲ್ಲ. ನನಗಾಗ ಇಪ್ಪತ್ತೇಳು ವರ್ಷ.

ಆ ಪಾಠವನ್ನು ನಿಜವೆಂದು ನಂಬಿದವರು ಒಬ್ಬರಿದ್ದರು. ಸುರಪುರದ ಕಡೆಯವರು. ಇಲ್ಲಿ ಅವರನ್ನು ಸುರಪುರದವರು ಎಂದೇ ಕರೆಯುತ್ತೇನೆ. ಅವರ ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಸ್ಲ್ಯಾಬು ಹಾಕುವ ಗುಂಪಿನಲ್ಲಿ ಇಪ್ಪತ್ತು ವರ್ಷ ತಲೆಯ ಮೇಲೆ ಕಾಂಕ್ರೀಟಿನ ಬಾಂಡಲಿ, ಅಲ್ಲಿಯ ಮಾತಿನಲ್ಲಿ ಗಮೇಲಾ, ಹೊತ್ತವರು. ಇವರು ಮಾತ್ರ ಹೇಗೋ ಕಾರ್ಖಾನೆ ಸೇರಿ, ಪ್ರೆಸ್ಸಿನಲ್ಲಿ ಕಾಯಂ ಆಗಿದ್ದರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಇಬ್ಬರೂ ಬಿಬವೇವಾಡಿಯಿಂದ ಕಂಪನಿಯ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಮರಾಠಿಯನ್ನು ನನಗಿಂತ ಸಲೀಸಾಗಿ ಮಾತಾಡುತ್ತಿದ್ದರು, ಆದರೆ ಯಾವ ಭಾಷೆಯಲ್ಲೂ ಓದಲು ಬರೆಯಲು ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ ಮಾತ್ರ ಅವರಿಗೆ ಕನ್ನಡವೇ ಬೇಕಾಗುತ್ತಿತ್ತು.

ಒಂದು ದಿನ ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತರು. ಅವರು ನಡೆಸುತ್ತಿದ್ದ ಪ್ರೆಸ್ಸಿಗೆ ಎರಡು ಬಟನ್ ಇದ್ದವು. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ಹಾಗಾಗಿ ಅದು ಇಳಿಯುವಾಗ ಕೈ ಒಳಗಿರುವುದು ಸಾಧ್ಯವಿಲ್ಲ. ಒಂದೊಂದು ಏಟಿಗೂ ಬಟನ್ ಬಿಡಬೇಕು, ಒತ್ತಿದ ತುಂಡನ್ನು ಚಿಮಟದಿಂದ ತೆಗೆಯಬೇಕು, ಹೊಸದನ್ನು ಇಡಬೇಕು, ಮತ್ತೆ ಬಟನ್. ಅವರ ಯೋಚನೆ ಇಷ್ಟು. ಪಕ್ಕದಲ್ಲಿ ಒಂದು ಗಾಳಿಯ ಪೈಪು ಕೂಡಿಸಿದರೆ ಒತ್ತಿದ ತುಂಡು ತಾನೇ ಹಾರಿ ಹಿಂದಿನ ಡಬ್ಬಿಗೆ ಬೀಳುತ್ತದೆ. ಹೊಸ ತುಂಡನ್ನು ಒಂದು ಇಳಿಜಾರು ತಗಡಿನ ಮೇಲಿಂದ ಹೊರಗಿನಿಂದಲೇ ಜಾರಿಸಬಹುದು. ಆಗ ಕೈ ಒಳಗೆ ಹೋಗುವ ಪ್ರಸಂಗವೇ ಇಲ್ಲ. ಪ್ರಸಂಗವಿಲ್ಲದ ಮೇಲೆ ಬಟನ್ ತೆಗೆದು ಕಾಲಿಗೆ ಪೆಡಲ್ ಕೊಡಬಹುದು. ಕೆಲಸ ಹೆಚ್ಚು ಕಡಿಮೆ ಎರಡರಷ್ಟು ಸಾಗುತ್ತದೆ.

ನಾನು ಬಹಳ ಚೆನ್ನಾಗಿದೆ ಎಂದೆ. ಅವರು ತಡೆದರು. ಊಟದ ತಾಟಿನಲ್ಲಿ ಸ್ವಲ್ಪ ನೀರು ಸುರಿದು, ಮೇಜಿನ ಮೇಲೆ ಬಿದ್ದಿದ್ದ ಸೋಡಾ ಬಾಟಲಿಯ ಬಿಲ್ಲೆಯನ್ನು ಅದರಲ್ಲಿಟ್ಟು ಜೋರಾಗಿ ಊದಿದರು. ಬಿಲ್ಲೆ ಸರ್ರನೆ ಜಾರಿ ಅಂಚಿಗೆ ಹೋಯಿತು. ಆಮೇಲೆ ಜೇಬಿನಿಂದ ಸಿಟಿ ಬಸ್ಸಿನ ಟಿಕೇಟು ತೆಗೆದು ಅದೇ ನೀರಿನ ಮೇಲಿಟ್ಟು ಊದಿದರು. ಟಿಕೇಟು ಅಲ್ಲಾಡಲಿಲ್ಲ.

“ನೋಡ್ರಿ ಸರ್, ದಪ್ಪ ತಗಡಿಗಷ್ಟ ಇದು. ತೆಳ್ಳಂದು ಎಣ್ಣಿಗೆ ಅಂಟಿ ಕೂಡತದ, ಗಾಳಿಗೆ ಏಳೂದಿಲ್ಲ. ಏಳಲಿಲ್ಲಂದ್ರ ಮನಿಷಾ ಕೈ ಹಾಕೇ ಹಾಕ್ತಾನ. ಕಾಲು ಪೆಡಲ್ ಮ್ಯಾಲ ಇರ್ತದ. ತೆಳ್ಳಂದಕ್ಕ ಎರಡು ಬಟನ್ನೇ ಇರಬೇಕು. ಇದನ್ನ ಬರೀರಿ.”

ಬರೆಯುತ್ತೇನೆ ಎಂದೆ.

ಆ ಸಂಜೆ ಆಫೀಸಿನಲ್ಲಿ ಕೂತು ಫಾರ್ಮು ತುಂಬಿದೆ. ಮೊದಲ ಕಾಲಂ, ಎರಡನೆಯದು, ಮೂರನೆಯದು. ತೆಳು ತಗಡಿನ ಮಾತನ್ನು ಬರೆಯಲಿಲ್ಲ. ಫಾರ್ಮಿನಲ್ಲಿ ಜಾಗ ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಜಾಗ ಇತ್ತು. ಎರಡನೆಯ ಕಾಲಮ್ಮಿನ ಕೆಳಗೆ ಎರಡು ಬೆರಳಿನಷ್ಟು ಖಾಲಿ ಉಳಿದಿತ್ತು, ಅದನ್ನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ನಡೆದದ್ದು ಬೇರೆ. ಹಿಂದಿನ ತಿಂಗಳು ನಾನು ಬರೆದುಕೊಟ್ಟಿದ್ದ ಎರಡು ಸಲಹೆಗಳನ್ನು ಸಮಿತಿ ವಾಪಸು ಕಳಿಸಿತ್ತು. ಎರಡರಲ್ಲೂ ‘ಆದರೆ’ ಇತ್ತು. ಎಲ್ಲ ಕಡೆ ಅನ್ವಯಿಸದ ಸಲಹೆ ಎಂದು ಷರಾ ಬರೆದಿದ್ದರು. ಇವರದು ಹಾಗಾಗಬಾರದೆಂದು ನನಗೆ ಆಸೆಯಿತ್ತು. ನಮ್ಮ ಕಡೆಯವರೊಬ್ಬರು ಮೇಲೆ ಬರಲಿ ಎಂಬ ಆಸೆ. ನನ್ನ ಪಾಠದಿಂದ ಒಬ್ಬರಾದರೂ ಮುಂದಾಳು ಆದರು ಎನ್ನಿಸಿಕೊಳ್ಳುವ ಆಸೆಯೂ ಅದರೊಳಗಿತ್ತು. ಹೇಗಿದ್ದರೂ ಅವರ ಲೈನಿನಲ್ಲಿ ಬರೀ ದಪ್ಪ ತಗಡಿನ ಕೆಲಸವೇ ಇದೆ ಎಂದುಕೊಂಡೆ. ಮರುದಿನ ಬಸ್ಸಿನಲ್ಲಿ ಫಾರ್ಮನ್ನು ಅವರ ಮುಂದೆ ಹಿಡಿದೆ. ಎಲ್ಲಾ ಬರೆದಿರೇನು ಎಂದು ಕೇಳಿದರು. ಹೌದು ಎಂದೆ. ತಮಗೆ ಬರುತ್ತಿದ್ದ ಮೂರು ಅಕ್ಷರದ ಸಹಿ ಹಾಕಿದರು.

ಸಲಹೆಗೆ ಒಪ್ಪಿಗೆ ಸಿಕ್ಕಿತು. ಪೈಪು ಕೂಡಿಸಿದರು, ಬಟನ್ ತೆಗೆದು ಪೆಡಲ್ ಕೊಟ್ಟರು. ಎರಡು ತಿಂಗಳಲ್ಲಿ ಅವರು ಲೀಡಿಂಗ್ ಹ್ಯಾಂಡ್ ಆದರು. ಬಸ್ಸಿನಲ್ಲಿ ಜೊತೆಯವರು ಅವರನ್ನು ಬಿಡಲಿಲ್ಲ. ಹಿಂದಿನ ಸೀಟಿನ ಒಬ್ಬ, “ಸಾಹೇಬ್ರ, ನಮ್ಮ ತಲಿಗೂ ಒಂದು ಪೈಪು ಹಚ್ಚಿ ಗಾಳಿ ಬಿಡ್ರಿ, ಒಳಗ ಏನರ ಇದ್ರ ಹೊರಗ ಬೀಳ್ತದ” ಎಂದ. ಅವರೂ ನಕ್ಕು, ನಿನ್ನ ತಲೆಗೆ ಪೈಪು ಸಾಲುವುದಿಲ್ಲ, ಇಡೀ ಕಂಪ್ರೆಸರೇ ಬೇಕು ಎಂದರು. ಲೈನಿನ ತುದಿಗೆ ಅವರಿಗೊಂದು ಮೇಜು ಕುರ್ಚಿ ಬಂತು. ಕುರ್ಚಿಯಲ್ಲಿ ಅವರು ಕೂತದ್ದನ್ನು ನಾನು ನೋಡಲೇ ಇಲ್ಲ. ಬುತ್ತಿ ಡಬ್ಬಿಯನ್ನು ಅದರ ಮೇಲಿಟ್ಟು ಪಕ್ಕದಲ್ಲಿ ನಿಂತಿರುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ. “ನಮ್ಮ ಮನಿತನದಾಗ ಕೆಲಸ ಹೇಳಿಸ್ಕೊಂಡವರೇ ಎಲ್ಲಾ, ಹೇಳಿದವರಿಲ್ರಿ. ಒಮ್ಮೆಲೇ ಕೂಡ್ಲಿಕ್ಕೆ ಧೈರ್ಯ ಬರವಲ್ದು” ಎಂದರು. ರಜೆಯ ದಿನ ತಾಯಿಯನ್ನು ಕರೆತಂದು, ಗೇಟಿನ ಹೊರಗಿನಿಂದಲೇ ತಮ್ಮ ಶೆಡ್ಡನ್ನು ತೋರಿಸಿ ಹೋದರೆಂದು ವಾಚ್‌ಮನ್ ಹೇಳಿದ.

ಹತ್ತು ತಿಂಗಳು ಹೀಗೇ ಹೋಯಿತು. ಮಳೆಗಾಲದಲ್ಲಿ ಅವರು ಯಾರದೋ ದಿನಕರ್ಮಕ್ಕೆ ಎಂಟು ದಿನ ಊರಿಗೆ ಹೋಗಿದ್ದರು. ಅದೇ ವಾರ ಉತ್ಪಾದನಾ ವಿಭಾಗದವರು, ಒಪ್ಪಿಗೆಯಾದ ಸಲಹೆಯನ್ನು ಉಳಿದ ಕಡೆಗೂ ವಿಸ್ತರಿಸಬೇಕೆಂದು ಮೂರನೆಯ ಶೆಡ್ಡಿನ ಪ್ರೆಸ್ಸಿಗೆ ಪೈಪು, ಪೆಡಲ್ ಕೂಡಿಸಿದರು. ಆ ಹಳದಿ ಫಾರ್ಮಿನ ನಕಲನ್ನು ಪ್ರೆಸ್ಸಿನ ಪಕ್ಕ ಅಂಟಿಸಿದ್ದರು. ಮೂರನೆಯ ಶೆಡ್ಡಿನಲ್ಲಿ ತೆಳು ತಗಡಿನ ಕೆಲಸ.

ನಾಲ್ಕನೆಯ ದಿನ ಬೆಳಿಗ್ಗೆ, ಮೊದಲ ಚಹಾ ಬರುವ ಮುಂಚೆ, ಅಲ್ಲಿಯ ಆಪರೇಟರ್ ಬಲಗೈಯ ಮೂರು ಬೆರಳು ಕಳೆದುಕೊಂಡರು. ನಲವತ್ತು ದಾಟಿದವರು, ಸಾತಾರೆಯ ಕಡೆಯವರು. ನಾನು ಹೋಗುವ ಹೊತ್ತಿಗೆ ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ಪ್ರೆಸ್ಸು ನಿಂತಿತ್ತು. ಗಾಳಿಯ ಪೈಪನ್ನು ಯಾರೂ ಬಂದ್ ಮಾಡಿರಲಿಲ್ಲ, ಅದು ಸುಯ್ಯೆಂದು ಊದುತ್ತಲೇ ಇತ್ತು. ಅಚ್ಚಿನ ಮೇಲೆ ಒಂದು ತೆಳು ತುಂಡು ಎಣ್ಣೆಗೆ ಅಂಟಿಕೊಂಡು ಹಾಗೇ ಕೂತಿತ್ತು. ಒದ್ದೆ ತಾಟು, ಬಸ್ ಟಿಕೇಟು, ಎಲ್ಲವೂ ಆ ಕ್ಷಣಕ್ಕೆ ನೆನಪಾಯಿತು. ನಾನು ಗೋಡೆ ಹಿಡಿದುಕೊಂಡು ನಿಂತೆ. ರಕ್ತ ನೋಡಿ ತಲೆ ಸುತ್ತಿದೆ ಎಂದು ತಿಳಿದು ಯಾರೋ ನೀರು ಕೊಟ್ಟರು.

ಸುರಪುರದವರು ಊರಿಂದ ಬಂದ ಮರುದಿನ ವಿಚಾರಣೆ ನಡೆಯಿತು. ವರ್ಕ್ಸ್ ಮ್ಯಾನೇಜರರ ಕೋಣೆಯಲ್ಲಿ ಸೇಫ್ಟಿ ಆಫೀಸರ್, ಯೂನಿಯನ್ನಿನ ಒಬ್ಬರು, ಫೈಲು ಹಿಡಿದ ನಾನು. ಸುರಪುರದವರು ನಿಂತೇ ಇದ್ದರು. ಮ್ಯಾನೇಜರ್ ಫಾರ್ಮನ್ನು ಎರಡು ಸಲ ಗಟ್ಟಿಯಾಗಿ ಓದಿ, ಇದು ದಪ್ಪ ತಗಡಿಗೆ ಮಾತ್ರ ಎಂದು ಇದರಲ್ಲಿ ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದರು. ತೆಳ್ಳಗಿನದಕ್ಕೆ ಆಗುವುದಿಲ್ಲ ಎಂಬುದು ತನಗೆ ಮೊದಲಿನಿಂದ ಗೊತ್ತು ಎಂದು ಇವರೂ ಮರಾಠಿಯಲ್ಲೇ ಹೇಳಿದರು. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ಮ್ಯಾನೇಜರ್ ಕೇಳಿದರು. ಇವರ ಮರಾಠಿ ಅಲ್ಲಿಗೆ ನಿಂತಿತು. ನನ್ನ ಕಡೆ ತಿರುಗಿದರು.

“ಸರ್, ಟಿಕೇಟ್ ಇಟ್ಟು ಊದಿ ಯಾರಿಗೋ ತೋರಿಸಿದಂಗ ನೆನಪದ. ನಿಮಗೋ, ಲೈನಿನವರಿಗೋ?”

ಫ್ಯಾನಿನ ಗಾಳಿಗೆ ಫೈಲಿನ ಹಾಳೆ ಏಳುತ್ತಿತ್ತು, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದು ನೆನಪಿದೆ. ಅವರು ನನ್ನ ಮುಖ ನೋಡಿದರು, ಫಾರ್ಮನ್ನು ನೋಡಿದರು. ತಮಗೆ ಓದಲು ಬಾರದ ಕಾಗದವನ್ನು ಅಷ್ಟು ಹೊತ್ತು ನೋಡಿದರು.

“ಹೇಳಿರಲಿಕ್ಕಿಲ್ಲ ಬಿಡ್ರಿ” ಎಂದರು. “ಹೇಳಿದ್ರ ನೀವು ಬರೀತಿದ್ರಿ.”

ಏನನ್ನುತ್ತಾನೆ ಎಂದು ಮ್ಯಾನೇಜರ್ ನನ್ನನ್ನು ಕೇಳಿದರು. ಬಹುಶಃ ಹೇಳಿರಲಿಕ್ಕಿಲ್ಲ ಎನ್ನುತ್ತಿದ್ದಾರೆ ಎಂದು ನಾನು ಮರಾಠಿಗೆ ತಿರುಗಿಸಿದೆ. ಅನುವಾದದಲ್ಲಿ ತಪ್ಪಿರಲಿಲ್ಲ.

ಅವರನ್ನು ಲೀಡಿಂಗ್ ಹ್ಯಾಂಡ್ ಕೆಲಸದಿಂದ ಇಳಿಸಿದರು. ನೌಕರಿ ಉಳಿಯಿತು. ಎರಡೂ ಕಡೆ ಪೆಡಲ್ ತೆಗೆದು ಬಟನ್ ಕೂಡಿಸಿದ್ದರು, ಅವರು ಮತ್ತೆ ಎರಡು ಬಟನ್ನಿನ ಪ್ರೆಸ್ಸಿಗೇ ಬಂದರು. ಆ ಕುರ್ಚಿಯಲ್ಲಿ ಬೇರೊಬ್ಬರು ಕೂತರು. ಬಸ್ಸಿನಲ್ಲಿ ಯಾರೂ ಪೈಪಿನ ತಮಾಷೆ ಎತ್ತಲಿಲ್ಲ. ಬೆರಳು ಹೋದವರ ಮನೆಗೆ ಸುರಪುರದವರು ತಿಂಗಳಿಗೊಮ್ಮೆ ಹೋಗುತ್ತಾರೆ, ಹೋದವರು ಹೆಚ್ಚು ಮಾತಾಡದೆ ಕೂತು ಬರುತ್ತಾರೆ ಎಂದು ಕೇಳಿದೆ. ನಾನು ಒಮ್ಮೆಯೂ ಹೋಗಲಿಲ್ಲ.

ಮುಂದಿನದನ್ನು ಬರೆಯುವುದು ನನಗೆ ಹೆಚ್ಚು ಕಷ್ಟ. ಅಪಘಾತವಾದ ಆರು ತಿಂಗಳಿಗೆ ನಾನೇ ಒಂದು ಸಲಹೆ ಕೊಟ್ಟೆ. ಫಾರ್ಮಿಗೆ ನಾಲ್ಕನೆಯ ಕಾಲಂ ಬೇಕು, ‘ಇದನ್ನು ಎಲ್ಲಿ ಮಾಡಬಾರದು’ ಎಂದು. ತಪ್ಪನ್ನು ಹೇಳಲು ಆಗದವನು ತನಗೆ ಆದಷ್ಟನ್ನಾದರೂ ಮಾಡುತ್ತಿದ್ದೇನೆ ಎಂದುಕೊಂಡು ಕೊಟ್ಟೆ. ಅದನ್ನು ಎಲ್ಲರೂ ಮೆಚ್ಚಿದರು. ಇಷ್ಟು ಸರಳವಾದದ್ದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದರು. ಮುಂದಿನ ಮಳೆಗಾಲದಲ್ಲಿ ಲೋಣಾವಳಾದ ಹೊಟೇಲೊಂದರಲ್ಲಿ ಅಧಿಕಾರಿಗಳಿಗೆ ಎರಡು ದಿನದ ಶಿಬಿರವಿತ್ತು, ಅಲ್ಲಿ ಈ ಕಾಲಮ್ಮಿನ ಬಗ್ಗೆ ಮಾತಾಡಲು ನನ್ನನ್ನು ಕಳಿಸಿದರು. ಹೊರಗೆ ಎದುರಿನ ಗುಡ್ಡ ಕಾಣದಷ್ಟು ಮಳೆ ಹೊಡೆಯುತ್ತಿತ್ತು. ಹೊಸ ಯೋಚನೆ ಮುಂದಾಳನ್ನು ಹೇಗೆ ತಯಾರು ಮಾಡುತ್ತದೆ ಎಂಬುದಕ್ಕೆ ಶಿಬಿರ ನಡೆಸಿದವರು ನನ್ನನ್ನೇ ಉದಾಹರಣೆಯಾಗಿ ತೋರಿಸಿದರು. ಚಪ್ಪಾಳೆ ತಟ್ಟಿದರು. ಬರುವಾಗ ಎಲ್ಲರಿಗೂ ಚಿಕ್ಕಿಯ ಡಬ್ಬಿ ಕೊಟ್ಟರು. ನನ್ನದನ್ನು ರೈಲಿನಲ್ಲಿ ಬಿಟ್ಟಿಳಿದೆ, ಬೇಕೆಂದೇ ಬಿಟ್ಟೆನೋ ಮರೆತೆನೋ ತಿಳಿಯದು. ಎರಡು ವರ್ಷಕ್ಕೆ ತರಬೇತಿ ವಿಭಾಗಕ್ಕೆ ನಾನೇ ಮುಖ್ಯಸ್ಥನಾದೆ. ಕುರ್ಚಿಯಲ್ಲಿ ಕೂತೆ.

ಎರಡು ಸಾವಿರದ ಇಸವಿಯ ನಂತರ ಹಳೆಯ ಕಾರ್ಮಿಕರಿಗೂ ಮತ್ತೊಂದು ಸುತ್ತು ತರಬೇತಿ ಕಡ್ಡಾಯವಾಯಿತು. ಅಷ್ಟು ಹೊತ್ತಿಗೆ ನಾನು ಕಂಪನಿಯ ಬಸ್ಸು ಬಿಟ್ಟು ಸ್ವಂತ ಸ್ಕೂಟರಿನಲ್ಲಿ ಓಡಾಡುತ್ತಿದ್ದೆ. ಒಂದು ಗುರುವಾರ ಸುರಪುರದವರು ಕೊನೆಯ ಬೆಂಚಿನಲ್ಲಿ ಬಂದು ಕೂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಫಾರ್ಮು ಹಂಚಿ, ನಾಲ್ಕು ಕಾಲಮ್ಮುಗಳನ್ನು ಒಂದೊಂದಾಗಿ ಮರಾಠಿಯಲ್ಲಿ ವಿವರಿಸಿದೆ. ನಾಲ್ಕನೆಯದಕ್ಕೆ ಬಂದಾಗ ಆ ಬೆಂಚಿನ ಕಡೆ ನೋಡಲಿಲ್ಲ.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಅವರು ಮುಂದೆ ಬಂದರು. ತಮ್ಮ ಫಾರ್ಮನ್ನು ಮಡಿಚದೆ, ಖಾಲಿಯಾಗಿಯೇ ಮೇಜಿನ ಮೇಲಿಟ್ಟರು. ನಾಲ್ಕನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು, “ಇದು ಭಾಳ ಚಲೋ ಮಾಡೀರಿ ಸರ್” ಎಂದರು. “ಆವಾಗ ಇದ್ದಿದ್ರ ನನಗೂ ನೆನಪಾಗಿ ಹೇಳ್ತಿದ್ದೆ. ಆ ಮನಿಷಾಂದು ಕೈ ಉಳೀತಿತ್ತು.”

ಅಷ್ಟು ವರ್ಷಗಳ ಮೇಲೆ ಆಗ ಹೇಳಿದೆ. ನೀವು ಹೇಳಿದ್ದಿರಿ, ತಾಟಿನಲ್ಲಿ ನೀರು ಹಾಕಿ, ಬಿಲ್ಲೆ ಇಟ್ಟು ಊದಿದಿರಿ, ಟಿಕೇಟು ಇಟ್ಟು ಊದಿದಿರಿ, ಬರೀರಿ ಅಂದಿರಿ, ನಾನು ಬರೆಯಲಿಲ್ಲ ಎಂದು ಒಂದೊಂದಾಗಿ, ಏನೂ ಬಿಡದೆ ಹೇಳಿದೆ.

ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು. ಆಮೇಲೆ ನನ್ನ ತೋಳಿನ ಮೇಲೆ ಕೈಯಿಟ್ಟರು, ಆಸ್ಪತ್ರೆಯಲ್ಲಿ ಮಲಗಿದವರ ಮೇಲೆ ಇಡುವ ಹಾಗೆ.

“ಇಲ್ರಿ ಸರ್. ನಂದ ತಪ್ಪಾಗ್ಯದ, ನಾ ಒಪ್ಪಿಕೊಂಡು ಭಾಳ ವರ್ಷಾತು. ನನ್ನ ಸಮಾಧಾನಕ್ಕಂತ ನೀವು ಹಿಂಗೆಲ್ಲಾ ಹೇಳಬ್ಯಾಡ್ರಿ.”

ನಿಜವಾಗಿಯೂ ಎಂದೆ. ಇನ್ನೊಮ್ಮೆ ಹೇಳಿದೆ. ನೀವು ದೊಡ್ಡ ಮನಸ್ಸಿನವರು ಎಂದರು. ಅಷ್ಟರಲ್ಲಿ ಕೆಳಗೆ ಬಿಬವೇವಾಡಿಯ ಬಸ್ಸಿನ ಹಾರ್ನು ಕೇಳಿಸಿತು. ಬರ್ತೀನ್ರಿ ಎಂದು ಹೇಳಿ, ಮೆಟ್ಟಿಲಿಳಿದು ಹೋದರು.